ಹಳೆಯ ಕಮಾನಿಗೆ ಹೊಸ ಜೊತೆ

ಕತೆ, ಕಾವ್ಯ, ನಾಟಕ, ಯಕ್ಷಗಾನ ಇವುಗಳ ವಿಮರ್ಶೆಗೆ ನಮ್ಮ ಸಂಘಗಳ ಪತ್ರಿಕೆಗಳಲ್ಲಿ ಎಂದೂ ಎಡೆಯ ಕೊರತೆಯಾದುದಿಲ್ಲ. ನಾಟಕ ಸೋತರೆ ಮೂರು ತಾಸಿನ ಬೇಸರ. ಅದಕ್ಕೆ ಮೂರು ಪುಟದ ವಿಮರ್ಶೆ. ಸೇತುವೆ ಸೋತರೆ ಆಗುವುದೇನೆಂದು ನಾವೆಲ್ಲ ಬಲ್ಲೆವು. ಆದರೂ ಸೇತುವೆಯನ್ನು ಒಂದು ಕೃತಿಯೆಂದು ನೋಡಿ, ಅದರ ಗುಣದೋಷಗಳನ್ನು ನಾಲ್ಕು ಜನರೆದುರು ತೂಗುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಇಂಜಿನಿಯರರು ತಮ್ಮ ಪರಿಭಾಷೆಯಲ್ಲಿ ವರದಿ ಬರೆಯುತ್ತಾರೆ. ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿ ಕೂರುತ್ತದೆ. ದಿನವೂ ದಾಟುವವರು ಮಾತ್ರ ಒಂದು ಮಾತೂ ಆಡದೆ ದಾಟುತ್ತಿರುತ್ತಾರೆ. ಅಂಥ ದಾಟುವವರ ಪರವಾಗಿ, ನಮ್ಮಲ್ಲಿ ಬಹಳ ಮಂದಿಗೆ ಪರಿಚಯವಿರುವ ಒಂದು ಕಾಂಕ್ರೀಟು ಕಮಾನು ಸೇತುವೆಯನ್ನೂ ಅದಕ್ಕೆ ಕಾಲಕಾಲಕ್ಕೆ ಒದಗಿದ ಮಾರ್ಪಾಡುಗಳನ್ನೂ ಇಲ್ಲಿ ವಿಮರ್ಶಿಸಬೇಕೆಂದಿದ್ದೇವೆ. ಅದು ಮಂಗಳೂರಿನ ಉತ್ತರಕ್ಕೆ, ಫಲ್ಗುಣಿ ಅಥವಾ ಗುರುಪುರ ಹೊಳೆಯ ಮೇಲಿರುವ ಕೂಳೂರು ಸೇತುವೆ.

ಅಂಬರನಾಥದಲ್ಲಿ ಕುಳಿತು ಕೂಳೂರಿನ ಮಾತೇಕೆ ಎನ್ನುವವರಿಗೆ ಉತ್ತರ ಸರಳ. ಅಂಬರನಾಥ, ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿದ ಕರಾವಳಿಯ ಕನ್ನಡಿಗರಿಗೆ ಊರಿನ ದಾರಿಯೆಂದರೆ ಪನವೇಲಿನಿಂದ ಮಹಾಡ, ಗೋವೆ, ಕಾರವಾರ, ಉಡುಪಿಗಳನ್ನು ಹಾದು ಮಂಗಳೂರಿಗೆ ಇಳಿಯುವ ಹೆದ್ದಾರಿ. ಅದಕ್ಕೆ ಹಿಂದೆ 17ರ ಸಂಖ್ಯೆಯಿತ್ತು, ಈಗ 66. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಬಸ್ಸು ಹಿಡಿಯುವವರು ಕಡಿಮೆಯಾದರು, ನಿಜ. ಆದರೂ ಗಣೇಶನ ಹಬ್ಬಕ್ಕೆ, ಮದುವೆ ಮುಂಜಿಗಳಿಗೆ, ಹೆತ್ತವರ ಕಾಯಿಲೆಗೆ, ಟಿಕೇಟು ಸಿಗದ ಎಲ್ಲ ಅವಸರಗಳಿಗೆ ಇಂದಿಗೂ ಆ ರಸ್ತೆಯೇ ಗತಿ. ಪಶ್ಚಿಮ ಘಟ್ಟದಿಂದ ಇಳಿದ ಪ್ರತಿಯೊಂದು ಹೊಳೆಯನ್ನೂ ಅದು ಕಡಲಿಗೆ ಸಮೀಪದಲ್ಲೇ ದಾಟಬೇಕು. ಹೀಗಾಗಿ ಅದನ್ನು ಸೇತುವೆಗಳ ದಾರಿ ಎಂದರೂ ಸಲ್ಲುತ್ತದೆ.

ಕೂಳೂರಿನ ಹಳೆಯ ಸೇತುವೆ ಕಟ್ಟಿದ್ದು 1952ರಲ್ಲಿ. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯದ ಜಿಲ್ಲೆ. ಮೈಸೂರಿಗೆ ಸೇರಿದ್ದು 1956ರಲ್ಲಿ. ಈ ಸಂಗತಿ ಸೇತುವೆಯ ಆಕಾರವನ್ನು ಅರಿಯಲು ನೆರವಾಗುತ್ತದೆ. ರಸ್ತೆಯ ಎರಡೂ ಬದಿಗೆ ಮೇಲೆದ್ದು ಬಾಗಿ ಇಳಿಯುವ ಕಾಂಕ್ರೀಟಿನ ಕಮಾನು, ಅದರಿಂದ ಕೆಳಗಿಳಿದ ಕಂಬಿಗಳಂಥ ತೂಗುಗಂಬಗಳು, ಆ ತೂಗುಗಂಬಗಳಿಂದ ಎತ್ತಿ ಹಿಡಿದಂತಿರುವ ರಸ್ತೆ: ಈ ಬಗೆ ದಕ್ಷಿಣ ಭಾರತದಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಕಾಣಿಕೆ. ತಿರುವಾಂಕೂರು ಸಂಸ್ಥಾನದಲ್ಲಿ ಪೆರಿಯಾರ್ ನದಿಗೆ ನೇರ್ಯಮಂಗಲದಲ್ಲಿ 1935ರಲ್ಲಿ ಕಮಾನು ಸೇತುವೆ ತೆರೆಯಿತು. ಅದೇ ನದಿಗೆ ಆಲುವಾದಲ್ಲಿ 1940ರಲ್ಲಿ ಮಾರ್ತಾಂಡವರ್ಮ ಸೇತುವೆ ಎದ್ದಿತು. ಆಲುವಾ ಸೇತುವೆಯ ಕೆಲಸ ನಡೆಸಿದ್ದು ನಮ್ಮ ಮುಂಬಯಿಯ ಗ್ಯಾಮನ್ ಕಂಪೆನಿ ಎಂಬುದನ್ನು ಇಲ್ಲಿನ ವಾಚಕರು ಗಮನಿಸಬಹುದು. ಮದರಾಸಿನ ಕಡಲ ದಂಡೆಯಲ್ಲಿ ಕೂವಂ ಹೊಳೆಯ ಮೇಲಿದ್ದ 1869ರ ಹಳೆಯ ನೇಪಿಯರ್ ಸೇತುವೆಯ ಜಾಗದಲ್ಲಿ 1943ರ ಹೊತ್ತಿಗೆ ಇದೇ ಬಗೆಯ ಕಮಾನುಗಳು ನಿಂತವು. ಕೂಳೂರು ಇವೆಲ್ಲದರ ತಮ್ಮ. ಕಾಲದಲ್ಲಿ ಕಿರಿಯದಾದರೂ ವಂಶ ಅದೇ.

ಈ ವಂಶದ ಗುಣವೇನು? ನಮ್ಮ ಊರಿನ ಶಿವಾಲಯವನ್ನು ನೆನೆದುಕೊಂಡರೆ ಇದನ್ನು ತಿಳಿಯುವುದು ಸುಲಭ. ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಉತ್ತರ ಕೊಂಕಣದ ಶಿಲಾಹಾರರ ಕಾಲದ, ಶಕ 982ರ, ಎಂದರೆ 1060ರ ಶಾಸನವುಳ್ಳ ಆ ದೇಗುಲದಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಕಲ್ಲು. ಕಲ್ಲು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಉದ್ದನೆಯ ಕಲ್ಲುತೊಲೆಯ ನಡುವೆ ಭಾರ ಬಿದ್ದರೆ ಅದರ ಅಡಿಭಾಗ ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ಆದುದರಿಂದಲೇ ಅಂಥ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿರುತ್ತವೆ. ಹೊಳೆಯಲ್ಲಿ ಹೀಗೆ ಒತ್ತೊತ್ತಾಗಿ ಕಂಬ ನೆಟ್ಟರೆ ನೆರೆಯ ನೀರಿಗೂ ದೋಣಿಗೂ ಎಡೆಯಿರದು. ಕಮಾನು ಈ ಕಷ್ಟವನ್ನು ಕಳೆಯಿತು. ಬಾಗಿದ ಮೈಯಲ್ಲಿ ಪ್ರತಿ ಕಲ್ಲೂ ತನ್ನ ಪಕ್ಕದ ಕಲ್ಲನ್ನು ಒತ್ತುತ್ತ ಭಾರವನ್ನು ಬುಡಕ್ಕೆ ಸಾಗಿಸುತ್ತದೆ. ಆದರೆ ಕಮಾನಿಗೊಂದು ಹಟವುಂಟು: ಅದರ ಕಾಲುಗಳು ಹೊರಕ್ಕೆ ಜಾರಲು ನೋಡುತ್ತವೆ. ಅವನ್ನು ತಡೆಯಲು ಎರಡು ದಡಗಳಲ್ಲೂ ಗಟ್ಟಿ ಬಂಡೆ ಬೇಕು.

ಕರಾವಳಿಯ ಹೊಳೆಬಾಯಿಗಳಲ್ಲಿ ಬಂಡೆ ಎಲ್ಲಿಂದ ಬರಬೇಕು? ಕೆಸರು, ಮರಳು, ಅದರಡಿಯಲ್ಲಿ ಮತ್ತೆ ಕೆಸರು. ಇಲ್ಲಿಯೇ ಬಿಲ್ಲು ಮತ್ತು ಹೆದೆಯ ಉಪಾಯ ಬಂದಿತು. ಬಿಲ್ಲಿನ ಎರಡು ತುದಿ ಬಿಚ್ಚಿಕೊಳ್ಳದಂತೆ ಹೆದೆ ಬಿಗಿಹಿಡಿಯುವ ಹಾಗೆ, ಕಮಾನಿನ ಎರಡು ಕಾಲುಗಳನ್ನು ರಸ್ತೆಯ ಮಟ್ಟದಲ್ಲಿ ಒಂದು ಬಿಗಿತೊಲೆ ಜಗ್ಗಿ ಹಿಡಿಯುತ್ತದೆ. ಒತ್ತಡವನ್ನು ಕಾಂಕ್ರೀಟು ತಾಳುತ್ತದೆ, ಎಳೆತವನ್ನು ಅದರೊಳಗಿನ ಉಕ್ಕಿನ ಸರಳು ತಾಳುತ್ತದೆ. ಕಂಬಗಳಿಗೆ ಬರುವುದು ನೇರ ಕೆಳಗಿಳಿಯುವ ಭಾರವಷ್ಟೇ. ಮೇಲಾಗಿ ಹೊರುವ ಅಂಗವೆಲ್ಲ ರಸ್ತೆಯ ಮೇಲುಗಡೆಗೇ ಇರುವುದರಿಂದ ಕೆಳಗೆ ನೀರಿಗೆ ಧಾರಾಳ ಎಡೆ. ರಸ್ತೆಯನ್ನು ವೃಥಾ ಎತ್ತರಿಸಬೇಕಾಗಿಲ್ಲ. ತಗ್ಗಿನ ದಡ, ಮೆತ್ತನೆಯ ತಳ, ಮಳೆಗಾಲದ ನೆರೆ, ಈ ಮೂರೂ ಇರುವ ಕಡೆಗೆ ಇದಕ್ಕಿಂತ ಒಪ್ಪುವ ಬಗೆ ಆ ಕಾಲದಲ್ಲಿರಲಿಲ್ಲ.

ಕೃತಿಯಾಗಿ ನೋಡಿದರೆ ಇಂಥ ಸೇತುವೆಯ ದೊಡ್ಡ ಗುಣವೆಂದರೆ ಅದರ ಪ್ರಾಮಾಣಿಕತೆ. ಹೊರುವ ಅಂಗ ಯಾವುದು, ಹೊರೆಯಾದ ಅಂಗ ಯಾವುದು, ಎಲ್ಲಿ ಒತ್ತು, ಎಲ್ಲಿ ಎಳೆತ, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಶಾಲೆಯ ಹುಡುಗನೂ ಅದನ್ನು ನೋಡಿ ಚಿತ್ರ ಬರೆಯಬಲ್ಲ, ಬರೆದ ಚಿತ್ರ ತಪ್ಪಾಗಿರುವುದಿಲ್ಲ. ಈಚಿನ ಸೇತುವೆಗಳ ಬಲವೆಲ್ಲ ತೊಲೆಯ ಹೊಟ್ಟೆಯೊಳಗೆ ಬಿಗಿದ ತಂತಿಗಳಲ್ಲಿ ಅಡಗಿರುತ್ತದೆ. ಅವು ದಾಟಲು ಸುಖ, ಕಟ್ಟಲು ಸುಲಭ. ನೋಡುವವನಿಗೆ ಹೇಳಲು ಅವುಗಳಲ್ಲಿ ಏನೂ ಇಲ್ಲ. ಕಮಾನಿನ ಅಚ್ಚು ಕಟ್ಟಲು ಹೊಳೆಯಲ್ಲಿ ಅಟ್ಟಣೆ ಹೂಡಬೇಕು, ಬಡಗಿಗಳ ಕೈ ಬೇಕು, ಎರಡು ಮಳೆಗಾಲಗಳ ನಡುವಣ ಬಿಡುವಿನಲ್ಲಿ ಕೆಲಸ ಮುಗಿಯಬೇಕು. ಬಿಗಿತಂತಿಯ ತೊಲೆಗಳು ಬಂದಮೇಲೆ ಈ ಬಗೆ ಹಿಂದೆ ಸರಿದುದು ಸಹಜವೇ. ಆದುದರಿಂದ ಉಳಿದವುಗಳ ಬೆಲೆ ಹೆಚ್ಚು.

ಇನ್ನು ಮಾರ್ಪಾಡುಗಳ ಮಾತಿಗೆ ಬರೋಣ. ಈ ಬಗೆಯ ಸೇತುವೆಗೆ ಒಂದು ಹುಟ್ಟುದೋಷವಿದೆ: ಅದನ್ನು ಅಗಲ ಮಾಡಲು ಬರುವುದಿಲ್ಲ. ಕಮಾನು ರಸ್ತೆಯ ಕೆಳಗಿರುವ ಸೇತುವೆಗಳಲ್ಲಿ ಮೇಲಿನ ಹಾಸನ್ನು ಎರಡು ಬದಿಗೆ ಚಾಚಿ ಅಗಲ ಮಾಡಬಹುದು. ಇಲ್ಲಿ ಕಮಾನುಗಳೇ ರಸ್ತೆಯ ಎರಡು ಬದಿಯ ಗೋಡೆಗಳಂತೆ ನಿಂತಿವೆ. ಕಟ್ಟಿದ ದಿನದ ಅಗಲವೇ ಕೊನೆಯ ದಿನದ ಅಗಲ. ಹಾಗಾಗಿ ಇಂಥ ಸೇತುವೆಗೆ ಮಾರ್ಪಾಡು ಎಂದರೆ ಎರಡೇ: ಒಂದು, ಮಗ್ಗುಲಲ್ಲಿ ಇನ್ನೊಂದು ಸೇತುವೆ; ಎರಡನೆಯದು, ಯಾರೂ ಮಾರ್ಪಾಡೆಂದು ಲೆಕ್ಕಕ್ಕೆ ಹಿಡಿಯದೆ ವರುಷ ವರುಷ ಆಗುತ್ತ ಹೋಗುವುದು.

ಎರಡನೆಯದನ್ನೇ ಮೊದಲು ನೋಡೋಣ. ಕೂಳೂರು ಸೇತುವೆ ಹುಟ್ಟಿದಾಗ ಅದರ ಉತ್ತರದ ಪಣಂಬೂರಿನಲ್ಲಿ ಬಂದರು ಇರಲಿಲ್ಲ. ನವಮಂಗಳೂರು ಬಂದರನ್ನು ಪ್ರಮುಖ ಬಂದರೆಂದು ಘೋಷಿಸಿದ್ದು 1974ರಲ್ಲಿ. ಅದರ ಬೆನ್ನಿಗೆ 1976ರಲ್ಲಿ ರಸಗೊಬ್ಬರದ ಕಾರಖಾನೆ ಉತ್ಪಾದನೆ ಆರಂಭಿಸಿತು, 1996ರಲ್ಲಿ ತೈಲ ಶುದ್ಧೀಕರಣದ ಸ್ಥಾವರ ಬಂದಿತು. ನಡುವೆ ಅದಿರಿನ ಲಾರಿಗಳ ಕಾಲವೂ ಬಂದುಹೋಯಿತು. ಅಕ್ಕಿ ಮೂಟೆಯ ಲಾರಿ, ಹಂಚಿನ ಲಾರಿ, ಮೋಟಾರು ಬಸ್ಸುಗಳಿಗೆಂದು ಕಟ್ಟಿದ ಸೇತುವೆ ಹೀಗೆ ಒಂದು ಬಂದರಿನ ಹೆಬ್ಬಾಗಿಲಾಯಿತು. ಸೇತುವೆಯ ಒಂದು ಕಲ್ಲೂ ಕದಲದೆ ಆದ ಈ ಬದಲಾವಣೆ ಎಲ್ಲಕ್ಕಿಂತ ದೊಡ್ಡ ಮಾರ್ಪಾಡು. ಆದರೆ ಇದಕ್ಕೆ ನಕ್ಷೆಯಿಲ್ಲ, ಮಂಜೂರಾತಿಯಿಲ್ಲ, ಉದ್ಘಾಟನೆಯ ಕಲ್ಲೂ ಇಲ್ಲ.

ಇನ್ನು ಡಾಮರು. ಹೊಂಡ ಬಿದ್ದಾಗಲೆಲ್ಲ ಹಳೆಯದನ್ನು ಕೆತ್ತಿ ತೆಗೆಯದೆ ಮೇಲೊಂದು ಪದರ ಎಳೆಯುವುದು ನಮ್ಮಲ್ಲಿನ ವಾಡಿಕೆ. ನೆಲದ ಮೇಲಿನ ರಸ್ತೆಗೆ ಅದರಿಂದ ಕೇಡಿಲ್ಲ. ಸೇತುವೆಗೆ ಪ್ರತಿ ಪದರವೂ ಹಗಲಿರುಳು ಇಳಿಸಲಾಗದ ಹೊರೆ. ಪದರ ಏರಿದಂತೆ ನೀರು ಹರಿಯುವ ತೂಬುಗಳು ಮುಚ್ಚುತ್ತವೆ. ನಿಂತ ನೀರು ಕಾಂಕ್ರೀಟಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹಿಗ್ಗಿ ಮಳೆಗಾಲದಲ್ಲಿ ಕುಗ್ಗಲೆಂದು ಬಿಟ್ಟ ಸಂದುಗಳಲ್ಲಿ ಮಣ್ಣು ತುಂಬಿ ಅಶ್ವತ್ಥದ ಸಸಿ ಮೊಳೆಯುತ್ತದೆ. ಎಲ್ಲಕ್ಕಿಂತ ಕಳ್ಳ ವೈರಿ ಕಡಲ ಗಾಳಿ. ಅದರ ಉಪ್ಪು ಕಣ್ಣಿಗೆ ಕಾಣದ ಬಿರುಕಿನಿಂದ ಒಳನುಗ್ಗಿ ಉಕ್ಕಿನ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಉಕ್ಕು ಹಿಗ್ಗುತ್ತದೆ. ಹಿಗ್ಗಿ ತನ್ನನ್ನು ಕಾಯುವ ಕಾಂಕ್ರೀಟನ್ನು ತಾನೇ ಒಡೆಯುತ್ತದೆ. ಬಿಲ್ಲು-ಹೆದೆಯ ಸೇತುವೆಯಲ್ಲಿ ಎಳೆತಕ್ಕೆ ಸಿಕ್ಕ ಅಂಗಗಳಾದ ತೂಗುಗಂಬ ಮತ್ತು ಬಿಗಿತೊಲೆಗಳಲ್ಲಿಯೇ ಇಂಥ ಸಣ್ಣ ಬಿರುಕುಗಳು ಸಹಜ. ಅವುಗಳ ಮೇಲೆಯೇ ಇಡೀ ರಸ್ತೆ ನಿಂತಿರುವುದು. ಕಮಾನಿನ ಬೆನ್ನಿಗೆ ಸುಣ್ಣ ಬಣ್ಣ ಬಳಿದು ಸೇತುವೆ ಚೆನ್ನಾಗಿದೆ ಎನ್ನುವುದು, ಬಿಲ್ಲಿಗೆ ಅರಗು ಹಚ್ಚಿ ಹೆದೆಯನ್ನು ಮರೆತಂತೆ.

ಮೊದಲನೆಯ ಬಗೆಯ ಮಾರ್ಪಾಡು, ಮಗ್ಗುಲಿನ ಜೊತೆ. ಕೂಳೂರಿನಲ್ಲಿ ಹೆದ್ದಾರಿಯನ್ನು ಅಗಲಿಸಿದಾಗ ಹಳೆಯದರ ಪಕ್ಕಕ್ಕೆ ಹೊಸ ಸೇತುವೆ ಬಂದಿತು. ಹೊಸದರಲ್ಲಿ ಕಮಾನಿಲ್ಲ, ಬಾಗಿಲ್ಲ. ನೇರ ತೊಲೆಯ ಮೇಲೆ ನೇರ ರಸ್ತೆ. ಇವೆರಡನ್ನೂ ಒಟ್ಟಿಗೆ ನೋಡುವವರು, ರೇಶ್ಮೆಯ ಪಕ್ಕಕ್ಕೆ ಗೋಣಿತಾಟಿನ ತೇಪೆ ಎಂದು ಮೂಗು ಮುರಿಯಬಹುದು. ಆಲುವಾದಲ್ಲಿ ಹೀಗೆ ಮಾಡಲಿಲ್ಲ. ಅಲ್ಲಿ 1940ರ ಸೇತುವೆಯ ಮಗ್ಗುಲಿಗೆ 2002ರಲ್ಲಿ ಬಂದ ಜೊತೆ ಹಳೆಯದರ ಪಡಿಯಚ್ಚು; ಅದೇ ಕಮಾನು, ಅದೇ ಏರಿಳಿತ. ಮದರಾಸಿನ ನೇಪಿಯರ್ ಸೇತುವೆಗೂ ಕಳೆದ ಶತಮಾನ ಮುಗಿಯುವ ಹೊತ್ತಿಗೆ ಅದೇ ರೂಪದ ಜೊತೆ ಬಂದಿತು. ಇವುಗಳ ಮುಂದೆ ನಮ್ಮ ಕೂಳೂರಿನದು ರಸಹೀನ ಕೆಲಸವೆಂದು ತೋರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಪಡಿಯಚ್ಚಿನಲ್ಲಿ ಒಂದು ಗೌರವವಿದೆ, ನಿಜ. ಊರಿನವರು ನೋಡಿ ಬೆಳೆದ ಗೆರೆಯನ್ನು ಕೆಡಿಸಬಾರದೆಂಬ ಸೌಜನ್ಯ ಅದು. ಅದರಲ್ಲಿ ಒಂದು ಮೋಸವೂ ಇದೆ. ಅರುವತ್ತು ವರುಷ ಅಂತರದ ಎರಡು ಸೇತುವೆಗಳು ಅವಳಿ ಮಕ್ಕಳಂತೆ ಕಾಣತೊಡಗಿದರೆ, ದಾಟುವವನಿಗೆ ಯಾವುದು ಮುದಿ ಯಾವುದು ಎಳೆಯದು ಎಂಬ ತಿಳಿವಳಿಕೆ ಹೋಗುತ್ತದೆ. ಬಣ್ಣ ಬಳಿಯುವಾಗ ಎರಡಕ್ಕೂ ಒಂದೇ ಬಣ್ಣ. ದೀಪ ಹಾಕುವಾಗ ಎರಡಕ್ಕೂ ಒಂದೇ ದೀಪ. ಬರಬರುತ್ತ ಕಾಳಜಿಯೂ ಎರಡಕ್ಕೂ ಒಂದೇ ಅಳತೆಯದಾದರೆ ಅದು ಹಳೆಯದಕ್ಕೆ ಅನ್ಯಾಯ. ಕೂಳೂರಿನ ಜೊತೆ ಚೆಲುವಿಲ್ಲದ್ದು, ಒಪ್ಪೋಣ. ಆದರೆ ಅದು ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಅಜ್ಜ ಯಾರು, ಮೊಮ್ಮಗ ಯಾರು ಎಂಬುದು ಅಲ್ಲಿ ಎಳೆಯ ಮಗುವಿಗೂ ಗೊತ್ತಾಗುತ್ತದೆ. ಸೇತುವೆಯ ವಿಷಯದಲ್ಲಿ ವಯಸ್ಸು ಕಾಣುವಂತಿರುವುದು ಚೆಲುವಿಗಿಂತ ಹೆಚ್ಚಿನ ಗುಣವೆಂದು ನಮ್ಮ ಅಭಿಪ್ರಾಯ.

ಮೇಲುನೋಟಕ್ಕೆ ಮಾರುಹೋಗುವ ಚಟ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನೇಪಿಯರ್ ಸೇತುವೆಯೇ ಸಾಕ್ಷಿ. 2022ರಲ್ಲಿ ಮಾಮಲ್ಲಪುರದಲ್ಲಿ ಚದುರಂಗದ ಒಲಿಂಪಿಯಾಡ್ ನಡೆದಾಗ ಆ ಸೇತುವೆಯ ಮೈಯೆಲ್ಲ ಚದುರಂಗದ ಮಣೆಯ ಕಪ್ಪು ಬಿಳಿ ಚೌಕಗಳು! ದೇಶವೆಲ್ಲ ಆ ಚಿತ್ರ ನೋಡಿ ನಲಿಯಿತು. ಹಬ್ಬಕ್ಕೆ ಮನೆ ಸಿಂಗರಿಸುವುದನ್ನು ಯಾರೂ ಬೇಡವೆನ್ನಲಾರರು. ಕೃತಿವಿಮರ್ಶೆಯ ದೃಷ್ಟಿಯಿಂದ ಮಾತ್ರ ಒಂದು ಮಾತು ಹೇಳಲೇಬೇಕು. ಕಮಾನಿನ ಸೊಗಸು ಅದರ ಹರಿಯುವ ಗೆರೆಯಲ್ಲಿದೆ. ಚೌಕಗಳು ಆ ಗೆರೆಯನ್ನು ತುಂಡು ತುಂಡು ಮಾಡುತ್ತವೆ. ಒತ್ತು ಎತ್ತಲಿಂದ ಎತ್ತ ಹರಿಯುತ್ತದೆಂದು ಹೇಳುತ್ತಿದ್ದ ಅಂಗವೇ ಅಲ್ಲಿ ಬರಿಯ ಹಲಗೆಯಾಯಿತು.

ಇಷ್ಟಾದರೂ ರೂಪದ ದೋಷ ಸಣ್ಣ ದೋಷ. ಇಂಥ ಜೋಡಿ ಸೇತುವೆಗಳಲ್ಲಿ ನಾವು ಕಾಣುವ ದೊಡ್ಡ ದೋಷ ಬೇರೆಯೇ ಇದೆ. ಅದು ಕೆಲಸದ ಹಂಚಿಕೆಯಲ್ಲಿದೆ. ಹೊಸ ಸೇತುವೆ ಬಂದ ದಿನ ಆಗುವುದೇನು? ಹೋಗುವ ಗಾಡಿಗಳಿಗೆ ಒಂದು, ಬರುವ ಗಾಡಿಗಳಿಗೆ ಇನ್ನೊಂದು. ಹಳೆಯದರ ಭಾರ ಅರ್ಧಕ್ಕಿಳಿಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ಅರ್ಧಕ್ಕಿಳಿಯುವುದು ಗಾಡಿಗಳ ಎಣಿಕೆ ಮಾತ್ರ. ಒಂದೊಂದು ಲಾರಿಯ ತೂಕ ಅರ್ಧವಾಗುವುದಿಲ್ಲ. ಅತಿ ಭಾರದ ಟ್ಯಾಂಕರು ಒಂದು ದಿಕ್ಕಿಗೆ ಹೋಗುವಾಗ ಹೊಸದನ್ನು ಹತ್ತಿದರೆ ಮರಳುವಾಗ ಹಳೆಯದನ್ನೇ ಹತ್ತುತ್ತದೆ. ಸೇತುವೆ ಮುರಿಯುವುದು ದಿನದ ಒಟ್ಟು ಲೆಕ್ಕಕ್ಕಲ್ಲ, ತಡೆಯಲಾಗದ ಒಂದು ಗಳಿಗೆಗೆ.

ಇದು ಬರಿಯ ತರ್ಕವಾಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ನಮ್ಮ ಊರಿನ ಇದೇ ದಾರಿಯಲ್ಲಿ ಮಹಾಡದ ಬಳಿ ಸಾವಿತ್ರೀ ನದಿಗೆ 1928ರಲ್ಲಿ ಕಟ್ಟಿದ ಕಮಾನು ಸೇತುವೆಯಿತ್ತು, ಅದು ಕಲ್ಲಿನದು. ಮಗ್ಗುಲಲ್ಲಿ ಹೊಸ ಸೇತುವೆಯೂ ಇತ್ತು. ಒಂದು ದಿಕ್ಕಿನ ವಾಹನ ಹೊಸದರ ಮೇಲೆ, ಇನ್ನೊಂದು ದಿಕ್ಕಿನದು ಹಳೆಯದರ ಮೇಲೆ. 2016ರ ಆಗಸ್ಟ್ 2ರ ರಾತ್ರಿ ಮಹಾಬಳೇಶ್ವರದ ಮಳೆಯಿಂದ ಉಕ್ಕಿದ ನದಿ ಹಳೆಯದನ್ನು ಕೆಡವಿತು. ಮುಂಬಯಿಯ ಕಡೆಗೆ ಬರುತ್ತಿದ್ದ ಎರಡು ಎಸ್.ಟಿ. ಬಸ್ಸುಗಳು, ಜೊತೆಗೆ ಬೇರೆ ವಾಹನ, ಕತ್ತಲಲ್ಲಿ ನೀರಿಗೆ ಬಿದ್ದವು. ಹತ್ತಾರು ಜನ ಮರಳಿ ಬರಲಿಲ್ಲ. ಅದೇ ವರುಷದ ಮೇ ತಿಂಗಳಲ್ಲಿ ಸೇತುವೆಯ ತಪಾಸಣೆಯಾಗಿತ್ತು, ಅಪಾಯವೇನೂ ಕಂಡಿರಲಿಲ್ಲ ಎಂದು ಸರಕಾರವೇ ಅನಂತರ ತಿಳಿಸಿತು. ಮೇ ತಿಂಗಳೆಂದರೆ ಹೊಳೆ ಬತ್ತಿ, ಸೇತುವೆ ಆರಾಮವಾಗಿರುವ ಕಾಲ. ಸಾಣೆಕಲ್ಲಿನ ಮೇಲೆ ಇಟ್ಟು ನೋಡಬೇಕಾದ ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟೇ ನೋಡಿದಂತಾಯಿತು.

ಎಂಟು ವರುಷ ಕಳೆದು, 2024ರ ಆಗಸ್ಟ್ 7ರ ನಡುರಾತ್ರಿ, ಅದೇ ಹೆದ್ದಾರಿಯಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅದು ಕಮಾನಿನದಲ್ಲ, 1983ರ ಕಾಂಕ್ರೀಟು ಸೇತುವೆ, ನಾಲ್ವತ್ತೊಂದೇ ವರುಷದ್ದು. ಅದರ ಮಗ್ಗುಲಲ್ಲೂ ಹೊಸ ಸೇತುವೆ ನಿಂತಿತ್ತು. ಅಲ್ಲೂ ಅದೇ ಹಂಚಿಕೆ. ಗೋವೆಯ ಕಡೆಯಿಂದ ಬರುತ್ತಿದ್ದ ಲಾರಿಯೊಂದು ಹೊಳೆಗೆ ಬಿದ್ದಿತು. ಚಾಲಕ ಬದುಕಿ ಉಳಿದುದು ಆತನ ಪುಣ್ಯ, ಮೀನುಗಾರರ ಮತ್ತು ಪೊಲೀಸರ ಸಾಹಸ. ಕಲ್ಲಿನ ಕಮಾನು, ಕಾಂಕ್ರೀಟಿನ ತೊಲೆ. ಎಂಬತ್ತೆಂಟರ ಮುದುಕ, ನಾಲ್ವತ್ತೊಂದರ ನಡುವಯಸ್ಸಿನವ. ಎರಡರ ಅಂತ್ಯವೂ ಒಂದೇ ಬಗೆ: ಆಗಸ್ಟ್ ತಿಂಗಳು, ರಾತ್ರಿಯ ಹೊತ್ತು, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೊಸ ಸೇತುವೆ. ಇದೇ ದಾರಿಯ ಮೂರನೆಯ ಜೋಡಿ ಕೂಳೂರು. ನಾವು ಭವಿಷ್ಯ ನುಡಿಯುವವರಲ್ಲ. ಪಾಠ ಎರಡು ಬಾರಿ ಓದಿಯಾಗಿದೆ ಎಂದಷ್ಟೇ ಹೇಳುತ್ತಿದ್ದೇವೆ. ಕೂಳೂರಿನ ಹಳೆಯದು ಬಲಗುಂದಿದೆ ಎಂಬ ಮಾತು ಅಧಿಕೃತವಾಗಿಯೇ ಬಂದಿತು. ಮತ್ತೊಂದು ಹೊಸ ಸೇತುವೆಯ ಕೆಲಸವೂ ಹಿಡಿದಿತ್ತು. ಅದು ಮಳೆಗಾಲದಿಂದ ಮಳೆಗಾಲಕ್ಕೆ ಮುಂದೆ ಮುಂದೆ ಹೋಗುತ್ತ ಬಂದಿತು.

ಈ ವಿಳಂಬದ ವಿಷಯದಲ್ಲಿ ಕಲ್ಯಾಣದವರಿಗೆ ವಿವರಿಸಬೇಕಾಗಿಲ್ಲ. ಬ್ರಿಟಿಷರ ಕಾಲದ ಪತ್ರೀ ಪೂಲ್ ಅಪಾಯಕರವೆಂದು 2018ರ ಆಗಸ್ಟಿನಲ್ಲಿ ಮುಚ್ಚಿತು. ನವೆಂಬರಿನಲ್ಲಿ ಅದನ್ನು ಕಳಚಿದರು. ಹೊಸದು ತೆರೆದಾಗ 2021ರ ಜನವರಿ. ಎರಡು ವರುಷಕ್ಕೂ ಮೇಲ್ಪಟ್ಟು ಶೀಳ್ ರಸ್ತೆಯ ವಾಹನಸಂದಣಿಯಲ್ಲಿ ಎಷ್ಟು ಜನರ ಎಷ್ಟು ಸಂಜೆಗಳು ಕಳೆದವೆಂದು ಲೆಕ್ಕವಿಲ್ಲ. ಆದರೂ ನಾವು ಅದನ್ನು ಮೆಚ್ಚುತ್ತೇವೆ. ಬೀಳುವ ಮೊದಲೇ ಮುಚ್ಚಿದರು. ಸಾವಿತ್ರಿಯ ಹೊಸ ಸೇತುವೆಯಾದರೋ 165 ದಿನಗಳಲ್ಲಿ ಎದ್ದುನಿಂತು 2017ರ ಜೂನಿನಲ್ಲಿ ತೆರೆಯಿತು. ಇಷ್ಟು ಬೇಗ ಕಟ್ಟುವ ಶಕ್ತಿ ನಮಗಿದೆ ಎಂದಾಯಿತಷ್ಟೆ? ಹಾಗಾದರೆ ಆ ಶಕ್ತಿ ಸಾವಿನ ಮುನ್ನ ಏಕೆ ಎಚ್ಚರಗೊಳ್ಳುವುದಿಲ್ಲ? ಜನ ಕಾದು ಬೇಸತ್ತಾಗ ಎರಡು ವರುಷ, ಜನ ಸತ್ತಾಗ ಐದೂವರೆ ತಿಂಗಳು. ಈ ಗಣಿತ ನಮಗೆ ಒಪ್ಪಿಗೆಯಾಗುವುದಿಲ್ಲ.

ಹಾಗಾದರೆ ಹಳೆಯದನ್ನೆಲ್ಲ ಕೆಡವಿಬಿಡಬೇಕೆ? ಖಂಡಿತ ಬೇಡ. ಅಹಮದಾಬಾದಿನಲ್ಲಿ ಸಾಬರಮತಿಗೆ 1892ರಲ್ಲಿ ಕಟ್ಟಿದ ಎಲ್ಲಿಸ್ ಸೇತುವೆ ಉಕ್ಕಿನದು. ಬಗೆ ಇದೇ ಬಿಲ್ಲು-ಹೆದೆಯದು. ಅದು ಸಾಲದಾದಾಗ, ಕಳೆದ ಶತಮಾನದ ಕೊನೆಯ ವರುಷಗಳಲ್ಲಿ, ಅದರ ಎರಡೂ ಬದಿಗೆ ಕಾಂಕ್ರೀಟಿನ ಹೊಸ ಸೇತುವೆಗಳನ್ನು ಕಟ್ಟಿ ವಾಹನಗಳನ್ನೆಲ್ಲ ಅವುಗಳಿಗೆ ವಹಿಸಿದರು. ಹಳೆಯದು ನಡುವೆ ಉಳಿಯಿತು, ಹೊರೆಯಿಳಿಸಿಕೊಂಡು. ಎಡಬಲದ ಹೊಸ ರಸ್ತೆಗಳು ಅದರ ನೋಟವನ್ನು ಮರೆಮಾಡಿದವೆಂಬ ಆಕ್ಷೇಪಣೆ ಸರಿಯೇ. ಆದರೆ ಹಂಚಿಕೆ ಸರಿಯಾದ ಹಂಚಿಕೆ. ಇನ್ನೊಂದು ದಾರಿಯೂ ಇದೆ. ಅಮೆರಿಕೆಯ ಪ್ಯಾಸಡೀನಾ ನಗರದಲ್ಲಿ 1913ರ ಕಾಂಕ್ರೀಟು ಕಮಾನು ಸೇತುವೆಯೊಂದಿದೆ. ಅವರ 66ನೆಯ ಹೆದ್ದಾರಿಯೂ ಒಂದು ಕಾಲಕ್ಕೆ ಅದರ ಮೇಲೆಯೇ ಸಾಗುತ್ತಿತ್ತು. 1989ರಲ್ಲಿ, ಭೂಕಂಪವನ್ನು ಅದು ತಾಳದೆಂಬ ಭಯದಿಂದ ಮುಚ್ಚಿದರು. ಸುಮಾರು 27 ದಶಲಕ್ಷ ಡಾಲರು ವೆಚ್ಚಮಾಡಿ, ಒಳಗೆ ಬಲ ತುಂಬಿ, ಹೊರಗಿನ ಕಟಾಂಜನ ದೀಪಗಳನ್ನು ಮೊದಲಿನಂತೆಯೇ ಮಾಡಿ 1993ರಲ್ಲಿ ತೆರೆದರು. ಅಷ್ಟು ಹಣ ನಮ್ಮಲ್ಲಿ ಎಲ್ಲಿದೆ ಎನ್ನಬಹುದು. ಎಲ್ಲಿಸ್ ಸೇತುವೆಯ ದಾರಿಯಾದರೂ ನಮ್ಮ ದೇಶದ್ದೇ ಅಲ್ಲವೆ?

ನಮ್ಮ ತೀರ್ಪು ಇಷ್ಟು. ಕೂಳೂರಿನ ಹಳೆಯ ಸೇತುವೆ ತನ್ನ ಕಾಲಕ್ಕೆ, ತನ್ನ ನೆಲಕ್ಕೆ ಪೂರ್ತಿ ಒಪ್ಪಿದ ಕೃತಿ. ಅದರ ಮಗ್ಗುಲಿನ ಹೊಸದು ರೂಪದಲ್ಲಿ ಬಡವಾದರೂ ನಿಜ ಹೇಳುವ ಕೃತಿ. ಕೆಟ್ಟದ್ದು ಇವೆರಡರ ನಡುವಣ ಸಂಬಂಧ. ಮನೆಗೆ ದುಡಿಯುವ ಹರೆಯದ ಮಗ ಬಂದಮೇಲೂ ಎಪ್ಪತ್ತು ದಾಟಿದ ಅಜ್ಜನ ಬೆನ್ನಿಗೆ ಅರ್ಧ ಮೂಟೆ ಹೊರಿಸುವ ಮನೆಯನ್ನು ಊರು ಏನೆನ್ನುತ್ತದೆ? ಅಜ್ಜನನ್ನು ಮನೆಯಿಂದಾಚೆ ನೂಕುವ ಮನೆಯನ್ನೂ ಊರು ಒಳ್ಳೆಯ ಮಾತಿನಿಂದ ನೆನೆಯುವುದಿಲ್ಲ. ಮೂರನೆಯ ದಾರಿಯುಂಟು. ಭಾರದ ಲಾರಿ, ಟ್ಯಾಂಕರುಗಳು ಯಾವ ದಿಕ್ಕಿನವಾದರೂ ಹೊಸದರ ಮೇಲೆಯೇ ಹೋಗಲಿ. ಹಳೆಯದರ ಡಾಮರಿನ ಪದರಗಳನ್ನು ಕೆತ್ತಿ ತೆಗೆದು, ತೂಬುಗಳನ್ನು ತೆರೆದು, ತೂಗುಗಂಬ, ಬಿಗಿತೊಲೆಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ನಡೆಯುವವರಿಗೆ, ಸೈಕಲಿನವರಿಗೆ, ತೀರ ಹಗುರ ಗಾಡಿಗಳಿಗೆ ಅದನ್ನು ಬಿಟ್ಟುಕೊಡಲಿ. ತಪಾಸಣೆ ಬೇಸಿಗೆಯಲ್ಲೊಮ್ಮೆ, ನೆರೆ ಇಳಿದ ಮೇಲೊಮ್ಮೆ, ದೋಣಿಯಲ್ಲಿ ಕುಳಿತು ಅಡಿಯಿಂದ ನಡೆಯಲಿ. ಕಟ್ಟಿದ ವರುಷ, ತಾಳುವ ಭಾರ, ಕಡೆಯ ತಪಾಸಣೆಯ ದಿನ, ಈ ಮೂರನ್ನೂ ಸೇತುವೆಯ ಎರಡು ತುದಿಗಳಲ್ಲಿ ಕನ್ನಡದಲ್ಲಿ, ದಾಟುವವನ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಬರೆಸಲಿ. ಉದ್ಘಾಟಿಸಿದವರ ಹೆಸರಿಗೆ ಕಲ್ಲು ಸಿಗುತ್ತದೆಂದಾದರೆ ಇದಕ್ಕೊಂದು ಹಲಗೆ ಸಿಗದೆ?

ನಮ್ಮ ಸಂಘಗಳಿಗೂ ಇಲ್ಲೊಂದು ಕೆಲಸವಿದೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕೋಣೆಗೆ, ಬಸ್ಸು ತಂಗುದಾಣಕ್ಕೆ ಮುಂಬಯಿಯ ಕನ್ನಡಿಗರು ಕೈಬಿಚ್ಚಿ ಕೊಟ್ಟಿದ್ದಾರೆ. ಸೇತುವೆಗೆ ಬೇಕಾದುದು ವಂತಿಗೆಯಲ್ಲ. ಕಡೆಯ ತಪಾಸಣೆ ಎಂದು ನಡೆಯಿತು, ವರದಿ ಏನು ಹೇಳಿತು, ಹೊಸದು ಎಂದಿಗೆ ಮುಗಿಯುತ್ತದೆ ಎಂದು ಬರೆದು ಕೇಳುವ ಒಂದು ಕಾಗದ ಸಾಕು. ಮಾಹಿತಿ ಹಕ್ಕಿನ ಕಾನೂನು ಬಂದದ್ದು 2005ರಲ್ಲಿ, ಕೇಳಿದರೆ ಉತ್ತರ ಕೊಡಲೇಬೇಕು. ಊರಿಗೆ ಹೊರಟವರ ಬಸ್ಸು ಸೇತುವೆಯ ಸಂದು ದಾಟುವಾಗ ಎರಡು ಬಾರಿ ಸದ್ದಾಗುತ್ತದೆ, ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಎರಡನೆಯ ಸದ್ದು ಕೇಳಿಸಿಯೇ ಕೇಳಿಸುತ್ತದೆಂಬ ಭರವಸೆ ದಾಟುವವರ ಹಕ್ಕು. ಮಳೆಗಾಲಕ್ಕೆ ಮೊದಲೇ ಆ ಕಾಗದ ಹೋಗಲಿ.